ಟೇಪು ಹಿಡಿದು ಅಳೆದರೂ ಸ್ವೆಟರ್ ದೊಗಲೆಯಾಗುವುದೇಕೆ?

ಟೊರೊಂಟೊದಲ್ಲಿರುವ ತಂಗಿಯ ಮಗನಿಗೆಂದು ನಾನು ಹೆಣೆದ ಮೊದಲ ಸ್ವೆಟರ್ ಈಗ ಅವರ ಮನೆಯ ಸೋಫಾ ದಿಂಬಿಗೆ ಗವಸು. ಅಳತೆಯನ್ನೇನೂ ಅಂದಾಜಿನ ಮೇಲೆ ಹಿಡಿದಿರಲಿಲ್ಲ. ವಿಡಿಯೋ ಕಾಲ್‌ನಲ್ಲಿ ಹುಡುಗನನ್ನು ನಿಲ್ಲಿಸಿ, ಅವನ ಅಮ್ಮನ ಕೈಲಿ ಟೇಪು ಸುತ್ತಿಸಿ ಬರೆದುಕೊಂಡಿದ್ದೆ: ಎದೆ 26 ಇಂಚು. ಸಡಿಲಕ್ಕೆ ಎರಡು ಸೇರಿಸಿ 28. ಇಂಟರ್ನೆಟ್ಟಿನಲ್ಲಿ ಸಿಕ್ಕ ನಮೂನೆಯಲ್ಲಿ ಹೇಳಿದಷ್ಟೇ ಕುಣಿಕೆ, ಹೇಳಿದ ನಂಬರಿನದೇ ಕಡ್ಡಿ. ಒಂದೂವರೆ ತಿಂಗಳ ಸಂಜೆಗಳನ್ನು ತಿಂದು ಮುಗಿದ ಸ್ವೆಟರಿನ ಸುತ್ತಳತೆ 32 ಇಂಚು ದಾಟಿತ್ತು. ತೋಳು ಬೆರಳ ತುದಿಯನ್ನೂ ನುಂಗಿತ್ತು.

ಚಳಿ ಶುರುವಾಗುತ್ತಿದ್ದಂತೆ ಈ ಕಥೆ ಎಷ್ಟೋ ಮನೆಗಳಲ್ಲಿ ನಡೆಯುತ್ತದೆ. ಮಕ್ಕಳು ಹಿಮ ಬೀಳುವ ಊರಿಗೆ ಹೋಗಿ ನೆಲೆಸಿದ್ದಾರೆ, ಅಜ್ಜಿ ಮತ್ತೆ ಕಡ್ಡಿ ಹಿಡಿದಿದ್ದಾರೆ. ಇನ್ನೊಂದು ಕಡೆ ಫೋನ್ ನೋಡಿಕೊಂಡೇ ಕಲಿತ ಕಾಲೇಜು ಹುಡುಗಿ ಮೊದಲ ಮಫ್ಲರ್ ಮುಗಿಸಿ ಧೈರ್ಯ ಬಂದು ಕಾಲುಚೀಲಕ್ಕೆ ಕೈ ಹಾಕಿದ್ದಾಳೆ. ಮಫ್ಲರ್ ಯಾರ ಕೊರಳಿಗಾದರೂ ಆದೀತು. ಸ್ವೆಟರ್, ಕಾಲುಚೀಲ ಹಾಗಲ್ಲ. ಅಲ್ಲಿ ಇಬ್ಬರೂ ಕೇಳುವ ಪ್ರಶ್ನೆ ಒಂದೇ: ನಮೂನೆಯಲ್ಲಿದ್ದ ಹಾಗೇ ಹೆಣೆದೆ, ಆದರೂ ಯಾಕೆ ಮೈಗೆ ಕೂರಲಿಲ್ಲ? ಉತ್ತರ ಮೊದಲ ಕುಣಿಕೆ ಹಾಕುವುದಕ್ಕೂ ಮುಂಚಿನ ಒಂದು ಗುಣಾಕಾರದಲ್ಲಿದೆ. ಅಲ್ಲಿಗೆ ಹೋಗಲು ಹೆಣೆದ ಬಟ್ಟೆ ಎಂದರೇನು ಎಂಬಲ್ಲಿಂದ ಹೊರಡಬೇಕು.

ಪಂಚೆ ಜಗ್ಗುವುದಿಲ್ಲ, ಬನಿಯನ್ ಜಗ್ಗುತ್ತದೆ

ಒಂದು ಪಂಚೆಯನ್ನೂ ಒಂದು ಬನಿಯನ್ನನ್ನೂ ಕೈಗೆ ತೆಗೆದುಕೊಂಡು ಎಳೆದು ನೋಡಿ. ಎರಡೂ ಹತ್ತಿಯವೇ. ಪಂಚೆ ಮಿಸುಕುವುದಿಲ್ಲ, ಬನಿಯನ್ ಅಗಲಕ್ಕೆ ಹಿಗ್ಗಿ, ಬಿಟ್ಟ ಕೂಡಲೇ ಹಿಂದಕ್ಕೆ ಬರುತ್ತದೆ. ಪಂಚೆ ನೇಯ್ದದ್ದು. ಅದರಲ್ಲಿ ಹಾಸು ಒಂದು ಕಡೆ, ಹೊಕ್ಕು ಇನ್ನೊಂದು ಕಡೆ ನೆಟ್ಟಗೆ ಓಡುತ್ತವೆ. ನೆಟ್ಟಗಿರುವ ದಾರವನ್ನು ಇನ್ನೆಷ್ಟು ಎಳೆಯಲಾದೀತು? ಚಳ್ಳಕೆರೆಯ ಕಂಬಳಿ ಉಣ್ಣೆಯದಾದರೂ ಮಗ್ಗದಲ್ಲಿ ನೇಯ್ದದ್ದೇ, ಹಾಗಾಗಿ ಅದೂ ಜಗ್ಗುವುದಿಲ್ಲ. ಹೊದೆಯುವುದಕ್ಕೆ ಅದೇ ಸರಿ.

ಬನಿಯನ್ ಹೆಣೆದದ್ದು, ಯಂತ್ರದಲ್ಲಿ. ಹೆಣಿಗೆಯಲ್ಲಿ ಹಾಸು-ಹೊಕ್ಕು ಎಂಬುದಿಲ್ಲ. ಒಂದೇ ದಾರ ಹಾವಿನಂತೆ ಬಳುಕುತ್ತಾ ಕುಣಿಕೆಯೊಳಗಿಂದ ಕುಣಿಕೆ ತೆಗೆಯುತ್ತಾ ಸಾಲಿನ ಮೇಲೆ ಸಾಲು ಏರುತ್ತದೆ. ಕುಣಿಕೆ ಬಾಗಿದ ದಾರವಾದ್ದರಿಂದ ಎಳೆದಾಗ ಅದು ನೆಟ್ಟಗಾಗಲು ಜಾಗವಿದೆ. ಅಗಲಕ್ಕೆ ಎಳೆದರೆ ಕುಣಿಕೆಯ ಎರಡು ಕಾಲುಗಳು ಅಗಲವಾಗುತ್ತವೆ, ಅದೇ ಹೊತ್ತಿಗೆ ಎತ್ತರ ಕುಗ್ಗುತ್ತದೆ. ಈ ಕೊನೆಯ ಮಾತನ್ನು ಗಂಟು ಹಾಕಿಕೊಳ್ಳಿ. ಬಿಗಿಯಾದ ಸ್ವೆಟರ್ ಗಿಡ್ಡವಾಗಿಯೂ ಕಾಣುವುದು, ಬಿಗಿಯಾದ ಕಾಲುಚೀಲ ಹಿಮ್ಮಡಿಯಿಂದ ಕೆಳಗೆ ಜಾರುವುದು ಇದೇ ಕಾರಣಕ್ಕೆ. ಎಷ್ಟೋ ಸಲ ಉದ್ದ ಸಾಲಲಿಲ್ಲ ಎಂದು ನಾವು ಸಾಲು ಸೇರಿಸುತ್ತೇವೆ. ಸಾಲದೇ ಹೋಗಿದ್ದು ಅಗಲ.

ಕುಣಿಕೆ ಎರಡು ಬಗೆ. ಮುಂದಕ್ಕೆ ತೆಗೆದರೆ ಸೀದಾ, ಹಿಂದಕ್ಕೆ ತಳ್ಳಿದರೆ ಉಲ್ಟಾ. ನಿಜಕ್ಕೂ ಎರಡೂ ಒಂದೇ ಕುಣಿಕೆ, ಒಂದರ ಬೆನ್ನೇ ಇನ್ನೊಂದರ ಮುಖ. ಎರಡು ಸೀದಾ ಎರಡು ಉಲ್ಟಾ ಎಂದು ಒಂದರ ಪಕ್ಕ ಒಂದು ಹಾಕುತ್ತಾ ಹೋದರೆ ಸೀದಾ ಕಂಬಗಳು ಮುಂದೆ ಬಂದು ಉಲ್ಟಾ ಕಂಬಗಳು ಹಿಂದೆ ಅಡಗುತ್ತವೆ. ಬಟ್ಟೆ ಹಾರ್ಮೋನಿಯಂ ತಿದಿಯಂತೆ ಮಡಿಕೆ ಬಿದ್ದು ಕುಗ್ಗುತ್ತದೆ, ಎಳೆದರೆ ಬಿಚ್ಚಿಕೊಳ್ಳುತ್ತದೆ. ಇದೇ ರಿಬ್. ಸ್ವೆಟರಿನ ಬಾರ್ಡರ್, ಕೈಪಟ್ಟಿ, ಕಾಲುಚೀಲದ ಬಾಯಿ ಇವೆಲ್ಲ ರಿಬ್ ಆಗಿರುವುದು ಚಂದಕ್ಕಲ್ಲ, ಹಿಡಿತಕ್ಕೆ.

ಇಂಚಿಗೆ ಎಷ್ಟು ಕುಣಿಕೆ

ಈಗ ಆ ಗುಣಾಕಾರ. ದರ್ಜಿಗೆ ಬಟ್ಟೆ ಮೊದಲೇ ಸಿಕ್ಕಿರುತ್ತದೆ, ಅವನು ಅಳೆದು ಕತ್ತರಿಸಿದರೆ ಆಯಿತು. ಹೆಣೆಯುವವರು ಬಟ್ಟೆಯನ್ನೂ ಅಂಗಿಯನ್ನೂ ಒಟ್ಟಿಗೇ ಮಾಡುತ್ತಿರುತ್ತಾರೆ. ಇಂಚನ್ನು ಕುಣಿಕೆಯಾಗಿ ಬದಲಿಸುವ ಒಂದು ದರ ಬೇಕು, ಡಾಲರನ್ನು ರೂಪಾಯಿ ಮಾಡುವ ಹಾಗೆ. ಆ ದರಕ್ಕೆ ಗೇಜ್ ಎನ್ನುತ್ತಾರೆ: ಒಂದು ಇಂಚಿನಲ್ಲಿ ಎಷ್ಟು ಕುಣಿಕೆ, ಎಷ್ಟು ಸಾಲು.

ಸ್ವೆಟರಿಗೆ ಬಳಸುವ ಮಧ್ಯಮ ದಪ್ಪದ ಉಲ್ಲನ್‌ಗೆ, ಅಂದರೆ ಡಬಲ್ ನಿಟ್ ಎಂದು ಮಾರುವ ನೂಲಿಗೆ, ನಮೂನೆಗಳಲ್ಲಿ ಸಾಮಾನ್ಯವಾಗಿ ಬರೆದಿರುವ ದರ 4 ಮಿಲಿಮೀಟರ್ ಕಡ್ಡಿಯಲ್ಲಿ 4 ಇಂಚಿಗೆ 22 ಕುಣಿಕೆ, 28 ಸಾಲು. ಇಂಚಿಗೆ ಐದೂವರೆ. 38 ಇಂಚಿನ ಸ್ವೆಟರಿಗೆ 38 ಗುಣಿಸು 5.5, ಅಂದರೆ 209 ಕುಣಿಕೆ. ನಿಮ್ಮ ಕೈ ಸ್ವಲ್ಪ ಸಡಿಲವಾಗಿ ಇಂಚಿಗೆ 5 ಬಂತು ಎನ್ನಿ. ಅದೇ 209 ಕುಣಿಕೆ ಈಗ ಸುಮಾರು 42 ಇಂಚು. ಬಿಗಿಗೈಯವರಿಗೆ ಇಂಚಿಗೆ 6 ಬಂದರೆ 35 ಇಂಚೂ ಇಲ್ಲ. ಒಂದಿಂಚಿನಲ್ಲಿ ಅರ್ಧ ಕುಣಿಕೆಯ ವ್ಯತ್ಯಾಸ ಕಣ್ಣಿಗೇ ಕಾಣುವುದಿಲ್ಲ. ಮೈಸುತ್ತ ಬರುವಷ್ಟರಲ್ಲಿ ಅದು ನಾಲ್ಕು ಇಂಚಾಗಿ ಕೂತಿರುತ್ತದೆ. ಒಂದೇ ನಮೂನೆ, ಒಂದೇ ಉಂಡೆ, ಒಂದೇ ಕಡ್ಡಿ ಹಿಡಿದು ಅಕ್ಕ-ತಂಗಿ ಹೆಣೆದರೂ ಎರಡು ಸೈಜಿನ ಸ್ವೆಟರ್ ಬರುವುದು ಹೀಗೆ.

ಆದ್ದರಿಂದ ಮೊದಲು ಒಂದು ತುಂಡು ಹೆಣೆದು ನೋಡಬೇಕು. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದಗುಳು ಸಾಕು ಎನ್ನುತ್ತೇವೆ. ಇಲ್ಲಿ ಒಂದಗುಳು ಸಾಲದು. ಎರಡಿಂಚಿನ ಚೂರು ಹೆಣೆದು ಅಳೆದರೆ ಅಂಚಿನ ಕುಣಿಕೆಗಳ ಸುರುಳಿ ಅಳತೆಯನ್ನು ಕೆಡಿಸುತ್ತದೆ. ಆರು ಇಂಚು ಚೌಕದ ತುಂಡು ಮಾಡಿ, ಮುಗಿದ ಸ್ವೆಟರನ್ನು ಹೇಗೆ ಒಗೆಯುತ್ತೀರೋ ಹಾಗೇ ಒಗೆದು, ಮಟ್ಟಸವಾದ ಜಾಗದಲ್ಲಿ ಹಾಸಿ ಒಣಗಿಸಿ, ನಡುವಿನ ನಾಲ್ಕು ಇಂಚಿನಲ್ಲಿ ಎಣಿಸಬೇಕು. ಅರ್ಧ ಕುಣಿಕೆಯಿದ್ದರೆ ಅರ್ಧವನ್ನೂ ಎಣಿಸಬೇಕು. ಕುಣಿಕೆ ಹೆಚ್ಚು ಬಂದರೆ ಒಂದು ಹಂತ ದಪ್ಪ ಕಡ್ಡಿಗೆ, ಕಡಿಮೆ ಬಂದರೆ ಸಣ್ಣ ಕಡ್ಡಿಗೆ ಹೋಗಿ ಇನ್ನೊಂದು ತುಂಡು. ನಾಲ್ಕು ಗಂಟೆಯ ಕೆಲಸ ಇದು, ಬೇಜಾರಿನದು. ನಾನೂ ಹತ್ತು ವರ್ಷ ಇದನ್ನು ತಪ್ಪಿಸಿಕೊಂಡು ಓಡಾಡಿದವಳೇ.

ಕೈ ದಿನಕ್ಕೊಂದು ಥರ ಇರುತ್ತದೆ ಎಂಬುದೂ ನಿಜ. ಧಾರಾವಾಹಿಯಲ್ಲಿ ಅತ್ತೆ-ಸೊಸೆ ಜಗಳ ಜೋರಾದ ಸಂಜೆ ಹೆಣೆದ ಸಾಲುಗಳನ್ನು ನಾನು ಮರುದಿನ ಬೆಳಕಿನಲ್ಲಿ ಗುರುತು ಹಿಡಿಯಬಲ್ಲೆ. ಹಾಗಾಗಿ ಐದಾರು ಇಂಚು ಹೆಣೆದ ಮೇಲೆ ಮೈಭಾಗದ ಮೇಲೇ ಇನ್ನೊಮ್ಮೆ ಎಣಿಸುವುದು ಒಳ್ಳೆಯದು.

ಆರು ಎಂದರೆ ಯಾವ ಆರು?

ಇನ್ನು ನನ್ನ ದಿಂಬಿನ ಗವಸಿಗೆ ಬರೋಣ. ನಮೂನೆ ಅಮೆರಿಕದ್ದು, 6ನೇ ನಂಬರ್ ಕಡ್ಡಿ ಎಂದಿತ್ತು. ನಾನು ಅಂಗಡಿಗೆ ಹೋಗಿ 6ನೇ ನಂಬರ್ ಕೊಡಿ ಎಂದೆ, ಕೊಟ್ಟರು. ಅವರ ತಪ್ಪೇನಿಲ್ಲ. ನಮ್ಮ ಅಂಗಡಿಗಳಲ್ಲಿ ಇವತ್ತಿಗೂ ನಡೆಯುವುದು ಬ್ರಿಟಿಷರ ಹಳೇ ನಂಬರು. ಅದರಲ್ಲಿ ನಂಬರು ಏರಿದಂತೆ ಕಡ್ಡಿ ಸಣ್ಣದಾಗುತ್ತದೆ. ಅಮೆರಿಕದ ಲೆಕ್ಕದಲ್ಲಿ ನಂಬರು ಏರಿದಂತೆ ಕಡ್ಡಿ ದಪ್ಪವಾಗುತ್ತದೆ. ಅಮೆರಿಕದ 6 ಎಂದರೆ 4 ಮಿಲಿಮೀಟರ್. ನಮ್ಮ 6 ಎಂದರೆ 5 ಮಿಲಿಮೀಟರ್. ನನಗೆ ಬೇಕಿದ್ದದ್ದು ನಮ್ಮ 8. ಒಂದು ಮಿಲಿಮೀಟರಿನ ದಪ್ಪಕ್ಕೆ ಇಂಚಿಗೆ ಐದೂವರೆ ಇರಬೇಕಾದ ಕುಣಿಕೆ ಐದಕ್ಕಿಂತ ಕೆಳಗಿಳಿದಿತ್ತು.

ನಮ್ಮ ಅಮ್ಮಂದಿರು ಬಾಯಿಪಾಠ ಮಾಡಿಕೊಂಡಿದ್ದ "ಬಾರ್ಡರಿಗೆ 11, ಮೈಗೆ 9" ಕೂಡ ಇದೇ ಬ್ರಿಟಿಷ್ ನಂಬರು: 11 ಎಂದರೆ 3 ಮಿಲಿಮೀಟರ್, 9 ಎಂದರೆ 3.75. ಬಾರ್ಡರಿಗೆ ಸಣ್ಣ ಕಡ್ಡಿ ಏಕೆಂದರೆ ಕುಣಿಕೆ ಬಿಗಿಯಾಗಿ ರಿಬ್ ಇನ್ನಷ್ಟು ಹಿಡಿಯಲಿ ಎಂದು. ಈಗ ಹೆಚ್ಚಿನ ಕಡ್ಡಿಗಳ ಮೇಲೆ ಮಿಲಿಮೀಟರ್ ಕೂಡ ಕೊರೆದಿರುತ್ತಾರೆ. ಅದೊಂದನ್ನು ನಂಬಿದರೆ ನಂಬರಿನ ಗೋಜೇ ಇಲ್ಲ.

ಮೈಯ ಅಳತೆ ಬೇರೆ, ಬಟ್ಟೆಯ ಅಳತೆ ಬೇರೆ

ಎದೆ 36 ಇಂಚು ಇರುವವರಿಗೆ 36 ಇಂಚಿನ ಸ್ವೆಟರ್ ಹೆಣೆದರೆ ಅದು ಮೈಗೆ ಅಂಟಿಕೊಂಡಿರುತ್ತದೆ. ಒಳಗೊಂದು ಶರ್ಟು ಇರಬೇಕು, ಕೈ ಎತ್ತಬೇಕು, ಉಸಿರು ಎಳೆಯಬೇಕು. ಮೈಯಳತೆಗೂ ಬಟ್ಟೆಯಳತೆಗೂ ನಡುವೆ ಬಿಡುವ ಈ ವ್ಯತ್ಯಾಸವನ್ನು ನಮ್ಮ ದರ್ಜಿಗಳು ಲೂಸ್ ಎನ್ನುತ್ತಾರೆ. ಶರ್ಟಿನ ಮೇಲೆ ಹಾಕುವ ಗಂಡಸರ ಸ್ವೆಟರಿಗೆ 3ರಿಂದ 4 ಇಂಚು ಲೂಸ್ ಬೇಕು. ಮೈಗೆ ಹೊಂದಿಕೊಂಡಿರಬೇಕು ಎನ್ನುವ ಬ್ಲೌಸಿನಂಥ ಸ್ವೆಟರಿಗೆ ಒಂದಿಂಚು, ಇಲ್ಲವೇ ಸೊನ್ನೆ. ಮಕ್ಕಳಿಗೆ ಧಾರಾಳವಾಗಿ ಬಿಡುವುದು ವಾಡಿಕೆ, ಮುಂದಿನ ವರ್ಷಕ್ಕೂ ಆಗಲಿ ಎಂದು.

ನೇಯ್ದ ಬಟ್ಟೆಯಲ್ಲಿ ಆಗದ ಒಂದು ಚಮತ್ಕಾರ ಹೆಣಿಗೆಯಲ್ಲಿ ಆಗುತ್ತದೆ: ಲೂಸ್ ಸೊನ್ನೆಗಿಂತ ಕೆಳಗೂ ಹೋಗಬಹುದು. ಅಂದರೆ ಬಟ್ಟೆ ಮೈಗಿಂತ ಚಿಕ್ಕದು. ತಲೆ 22 ಇಂಚಿದ್ದರೆ ಟೋಪಿಯನ್ನು 20 ಇಂಚಿಗೆ ಹೆಣೆಯುತ್ತಾರೆ. ಟೋಪಿ ಹಿಗ್ಗಿ ತಲೆಯನ್ನು ಅಪ್ಪಿಕೊಳ್ಳುತ್ತದೆ, ಗಾಳಿಗೆ ಹಾರುವುದಿಲ್ಲ. ಕಾಲುಚೀಲ ನಿಂತಿರುವುದೂ ಇದೇ ಲೆಕ್ಕದ ಮೇಲೆ.

ಕಾಲುಚೀಲ: ಕೊಳವೆಗೊಂದು ಮೊಣಕೈ

ಹೆಣಿಗೆಯ ಅಳತೆ ಕಲಿಯಲು ಕಾಲುಚೀಲಕ್ಕಿಂತ ಒಳ್ಳೆಯ ಪಾಠವಿಲ್ಲ ಎಂದು ನನ್ನ ಅನಿಸಿಕೆ. ಬೇಗ ಮುಗಿಯುತ್ತದೆ, ತಪ್ಪಿದರೆ ಹೋಗುವುದು ಒಂದು ಉಂಡೆ, ಮತ್ತು ತಪ್ಪು ಮೊದಲ ದಿನವೇ ಕಾಲಿಗೆ ಗೊತ್ತಾಗುತ್ತದೆ.

ಮೊದಲು ಅಗಲ. ಬೆರಳುಗಳ ಬುಡದಲ್ಲಿ ಪಾದ ಎಲ್ಲಿ ಅತಿ ದಪ್ಪವೋ ಅಲ್ಲಿ, ನಿಂತುಕೊಂಡು, ಟೇಪು ಸುತ್ತಿ. ಕೂತು ಅಳೆದರೆ ಕಡಿಮೆ ಬರುತ್ತದೆ; ಭಾರ ಬಿದ್ದಾಗ ಪಾದ ಹರಡುತ್ತದೆ. 9 ಇಂಚು ಬಂತು ಎಂದಿಟ್ಟುಕೊಳ್ಳಿ. ಕಾಲುಚೀಲ ಶೇಕಡಾ 10ರಷ್ಟು ಚಿಕ್ಕದಿರಬೇಕು, ಅಂದರೆ ಸುಮಾರು 8.1 ಇಂಚು. ಕಾಲುಚೀಲದ ನೂಲು ತೆಳು, ಕಡ್ಡಿ 2.25 ಮಿಲಿಮೀಟರ್, ನಮ್ಮ 13ನೇ ನಂಬರು. ಇಂಚಿಗೆ 8 ಕುಣಿಕೆ ಬಂದರೆ 8.1 ಗುಣಿಸು 8, ಸುಮಾರು 65. ಎರಡು ಸೀದಾ ಎರಡು ಉಲ್ಟಾ ರಿಬ್ಬಿಗೆ ನಾಲ್ಕರಿಂದ ಭಾಗವಾಗಬೇಕು, ಆದ್ದರಿಂದ 64. ಕಾಲುಚೀಲದ ನಮೂನೆಗಳಲ್ಲಿ 64 ಎಂಬ ಸಂಖ್ಯೆ ಪದೇಪದೇ ಕಾಣಿಸಿಕೊಳ್ಳುವುದು ಇದೇ ಗುಣಾಕಾರದಿಂದ.

ಚಿಕ್ಕದು ಏಕೆ ಎಂದರೆ, ಪಾದದ ಅಳತೆಗೇ ಹೆಣೆದ ಕಾಲುಚೀಲ ಶೂ ಒಳಗೆ ಸುತ್ತಿಕೊಳ್ಳುತ್ತದೆ. ಮಡಿಕೆ ಬಿದ್ದಲ್ಲಿ ಚರ್ಮ ಉಜ್ಜಿ ಬೊಬ್ಬೆ ಏಳುತ್ತದೆ, ಅದೇ ಜಾಗದಲ್ಲಿ ನೂಲೂ ಸವೆದು ತೂತಾಗುತ್ತದೆ. ಉದ್ದದಲ್ಲೂ ಪಾದಕ್ಕಿಂತ ಅರ್ಧ ಇಂಚು ಕಡಿಮೆ. ಪಾದ ಒಂಬತ್ತೂವರೆ ಇಂಚಿದ್ದರೆ ಚೀಲ 9.

ಇನ್ನು ಹಿಮ್ಮಡಿ. ಕಾಲು ಕೆಳಗಿಳಿದು ಅಡ್ಡಕ್ಕೆ ತಿರುಗುತ್ತದೆ, ನಲ್ಲಿಯವರು ಪೈಪಿಗೆ ಎಲ್ಬೋ ಹಾಕುವಂಥ ಜಾಗ. ಅಲ್ಲಿ ನೆಟ್ಟನೆಯ ಕೊಳವೆಯನ್ನು ಬಗ್ಗಿಸಿದರೆ ಮುಂದೆ, ಪಾದ ಕಾಲಿಗೆ ಸೇರುವ ಮಡಿಕೆಯಲ್ಲಿ, ಬಟ್ಟೆ ಮುದ್ದೆಯಾಗುತ್ತದೆ, ಹಿಂದೆ ಸಾಲುವುದಿಲ್ಲ. ಟೇಪನ್ನು ಆ ಮಡಿಕೆಯಿಂದ ಹಿಮ್ಮಡಿಯ ತುದಿಗೆ ಓರೆಯಾಗಿ ಸುತ್ತಿ ನೋಡಿ. 9 ಇಂಚಿನ ಪಾದಕ್ಕೆ ಅಲ್ಲಿ 12 ಇಂಚಿನ ಆಸುಪಾಸು, ಕೆಲವರಿಗೆ ಇನ್ನೂ ಹೆಚ್ಚು. 8 ಇಂಚಿನ ಕೊಳವೆ ಅಷ್ಟನ್ನು ದಾಟಬೇಕು, ದಾಟಿದ ಮೇಲೆ ಅಲ್ಲೇ ನಿಲ್ಲಬೇಕು. ಅದಕ್ಕಾಗಿ ಹಿಂದುಗಡೆ ಮಾತ್ರ ಹೆಚ್ಚಿನ ಬಟ್ಟೆಯ ಒಂದು ಬಟ್ಟಲು ಕಟ್ಟುತ್ತಾರೆ.

ಕಟ್ಟುವುದು ಹೀಗೆ. 64ರಲ್ಲಿ ಅರ್ಧ, 32 ಕುಣಿಕೆಗಳ ಮೇಲೆ ಮಾತ್ರ ಹಿಂದೆ-ಮುಂದೆ ಹೆಣೆಯುತ್ತಾ 32 ಸಾಲಿನ ಒಂದು ಪಟ್ಟಿ. ಪ್ರತಿ ಸಾಲಿನ ಮೊದಲ ಕುಣಿಕೆಯನ್ನು ಹೆಣೆಯದೆ ದಾಟಿಸಿದರೆ ಪಟ್ಟಿಯ ಎರಡೂ ಅಂಚಿನಲ್ಲಿ ಎರಡು ಸಾಲಿಗೊಂದರಂತೆ 16 ಉದ್ದನೆಯ ಕುಣಿಕೆಗಳ ಸರಪಣಿ ಉಳಿಯುತ್ತದೆ. ಆಮೇಲೆ ಪಟ್ಟಿಯ ನಡುವಿನಲ್ಲೇ ಸಾಲನ್ನು ಅರ್ಧಕ್ಕೆ ತಿರುಗಿಸುತ್ತಾ, ತಿರುವಿನಲ್ಲಿ ಎರಡನ್ನು ಒಂದು ಮಾಡುತ್ತಾ ಬಂದರೆ ಪಟ್ಟಿ ಒಳಕ್ಕೆ ಬಾಗಿ ಬಟ್ಟಲಾಗುತ್ತದೆ. 32 ಇದ್ದದ್ದು 18ಕ್ಕೆ ಇಳಿಯುತ್ತದೆ. ಈ ಹಂತ ಓದಿದಾಗ ಯಾರಿಗೂ ಅರ್ಥವಾಗುವುದಿಲ್ಲ. ಕಡ್ಡಿಯ ಮೇಲೆ ಒಮ್ಮೆ ಮಾಡಿದರೆ, ಅಂಗೈಯಲ್ಲಿ ಹಿಮ್ಮಡಿಯೊಂದು ಮೂಡಿ ಬಂದಂತಾಗಿ ನಗು ಬರುತ್ತದೆ.

ಈಗ ಎರಡೂ ಅಂಚಿನ 16-16 ಕುಣಿಕೆಗಳನ್ನು ಎತ್ತಿಕೊಂಡರೆ ಅಡಿಭಾಗದಲ್ಲಿ 50, ಪಾದದ ಮೇಲ್ಭಾಗದಲ್ಲಿ ಕಾದು ಕೂತ 32, ಒಟ್ಟು 82. ಹಿಮ್ಮಡಿಯ ದಪ್ಪವನ್ನು ಸುತ್ತುವಷ್ಟು ಜಾಗ ಸಿಕ್ಕಿತು. ಒಂದು ಸುತ್ತು ಬಿಟ್ಟು ಒಂದು ಸುತ್ತಿನಲ್ಲಿ ಎರಡೆರಡು ಕಡಿಮೆ ಮಾಡುತ್ತಾ ಒಂಬತ್ತು ಸಲ ಇಳಿಸಿದರೆ ಮತ್ತೆ 64.

ಇಲ್ಲೇ ಫಿಟ್ಟಿಂಗಿನ ಗುಟ್ಟು ಇರುವುದು. ಪಾದದ ಬೆನ್ನು ಎತ್ತರವಿರುವವರಿಗೆ 32 ಸಾಲಿನ ಪಟ್ಟಿ ಸಾಲದು. ಚೀಲ ಹಿಮ್ಮಡಿಯ ಕೆಳಕ್ಕೆ ಎಳೆಯುತ್ತದೆ, ಮುಂದಿನ ಮಡಿಕೆಯಲ್ಲಿ ಕತ್ತರಿಸಿದ ಹಾಗೆ ಬಿಗಿಯುತ್ತದೆ. ಅವರಿಗೆ 36 ಸಾಲು ಹೆಣೆದರೆ ಅಂಚಿನಲ್ಲಿ 18 ಸಿಕ್ಕಿ ಒಟ್ಟು 86 ಆಗುತ್ತದೆ. ಚಪ್ಪಟೆ ಪಾದದವರಿಗೆ 28 ಸಾಲು, 78 ಕುಣಿಕೆ ಸಾಕು. ಪಾದದ ಸುತ್ತಳತೆ ಒಂದೇ ಇದ್ದರೂ ನನ್ನ ಗಂಡನಿಗೆ 36, ನನಗೆ 30. ಅಂಗಡಿಯ ಕಾಲುಚೀಲ ನಮ್ಮಿಬ್ಬರಿಗೂ ಒಂದೇ ಪೊಟ್ಟಣದಲ್ಲಿ ಬರುತ್ತದೆ.

ಬೆರಳ ತುದಿಗೆ ಬಂದಾಗ ಲೆಕ್ಕ ಸುಲಭ. ಒಂದು ಬಿಟ್ಟು ಒಂದು ಸುತ್ತಿಗೆ ನಾಲ್ಕರಂತೆ 32ಕ್ಕೆ ಇಳಿಸಿ, ಆಮೇಲೆ ಪ್ರತಿ ಸುತ್ತಿನಲ್ಲೂ ನಾಲ್ಕರಂತೆ 16ಕ್ಕೆ. ಒಟ್ಟು 20 ಸುತ್ತು, ಹೆಚ್ಚುಕಡಿಮೆ 2 ಇಂಚು. ಹಾಗಾಗಿ 9 ಇಂಚಿನ ಚೀಲದಲ್ಲಿ ಹಿಮ್ಮಡಿಯಿಂದ 7 ಇಂಚಿಗೆ ಇಳಿಕೆ ಶುರು. ಉಳಿದ 16ನ್ನು ಗಂಟು ಬಾರದಂತೆ ಎದುರುಬದುರು ಸೂಜಿಯಲ್ಲಿ ಕೂಡಿಸುತ್ತಾರೆ. ಈ ಹೊಲಿಗೆಗೆ ಮೊದಲ ಮಹಾಯುದ್ಧದ ಕಾಲದ ಬ್ರಿಟಿಷ್ ಸೇನಾನಿ ಕಿಚನರ್ ಹೆಸರು ಅಂಟಿಕೊಂಡಿದೆ. ಬೂಟಿನೊಳಗೆ ಸೈನಿಕರ ಬೆರಳಿಗೆ ಹೊಲಿಗೆಯ ಏಣು ಒತ್ತದಿರಲಿ ಎಂದು ಬಂದದ್ದು ಎಂಬ ಕಥೆ ಹೆಣೆಯುವವರ ನಡುವೆ ಓಡಾಡುತ್ತದೆ.

ಮೊದಲ ಸಲ ಹೆಣೆಯುವವರಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವ ತಪ್ಪು ಇದ್ಯಾವುದೂ ಅಲ್ಲ, ಚೀಲದ ಬಾಯಿ. ಆರಂಭದ ಕುಣಿಕೆಗಳನ್ನು ಬಿಗಿಯಾಗಿ ಹಾಕಿಬಿಟ್ಟರೆ ಕೆಳಗೆ ಎಷ್ಟೇ ಚೆನ್ನಾಗಿ ಹೆಣೆದಿದ್ದರೂ ಚೀಲ ಹಿಮ್ಮಡಿ ದಾಟುವುದಿಲ್ಲ. ಕುಣಿಕೆ ಹಾಕುವಾಗ ಒಂದಕ್ಕೊಂದು ಒತ್ತಿಕೊಳ್ಳದಂತೆ ನಡುವೆ ಚೂರು ಜಾಗ ಬಿಟ್ಟರೆ ಅಂಚು ಹಿಗ್ಗುತ್ತದೆ. ಹಾಕಿದ ಕೂಡಲೇ ಎಳೆದು ನೋಡಿ; ಟೇಪಿನಲ್ಲಿ 12 ಇಂಚು ಮುಟ್ಟದಿದ್ದರೆ ಆಗಲೇ ಬಿಚ್ಚಿ.

ನೂಲಿನಲ್ಲಿ 75 ಭಾಗ ಉಣ್ಣೆ, 25 ಭಾಗ ನೈಲಾನ್ ಎಂಬ ಬೆರಕೆ ಕಾಲುಚೀಲಕ್ಕೆ ಹೆಸರಾದದ್ದು. ಉಣ್ಣೆ ಹಿಗ್ಗಿ ಕುಗ್ಗುತ್ತದೆ, ನೈಲಾನ್ ಸವೆತ ತಡೆಯುತ್ತದೆ. 100 ಗ್ರಾಮಿನ ಒಂದು ಉಂಡೆಯಲ್ಲಿ ಸುಮಾರು 400 ಮೀಟರ್ ಬರುತ್ತದೆ, ದೊಡ್ಡವರ ಒಂದು ಜೊತೆಗೆ ಸಾಕು.

ಒಂದು ಅಡ್ಡಮಾತು. ನಮ್ಮಲ್ಲಿ ಹೆಂಗಸರು ಚಪ್ಪಲಿ ಜೊತೆ ಹಾಕಲೆಂದು ಹೆಬ್ಬೆರಳು ಬೇರೆ ಇರುವ ಕಾಲುಚೀಲ ಮಾರುತ್ತಾರಲ್ಲ, ಆ ಉಪಾಯ ಹೊಸದೇನಲ್ಲ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ, ಕ್ರಿ.ಶ. 300ರಿಂದ 500ರ ನಡುವಿನ ಕೆಂಪು ಉಣ್ಣೆಯ ಒಂದು ಜೊತೆ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಅದರಲ್ಲೂ ಹೆಬ್ಬೆರಳಿಗೆ ಪ್ರತ್ಯೇಕ ಗೂಡು, ಚಪ್ಪಲಿಯ ಪಟ್ಟಿ ಹೋಗಲಿ ಎಂದು. ಮಾಡಿದ್ದು ಮಾತ್ರ ಎರಡು ಕಡ್ಡಿಯ ಹೆಣಿಗೆಯಲ್ಲಲ್ಲ, ಒಂದೇ ಸೂಜಿಯಲ್ಲಿ ಕುಣಿಕೆ ಕಟ್ಟುವ ಅದಕ್ಕಿಂತ ಹಳೆಯ ವಿದ್ಯೆಯಲ್ಲಿ.

ಸ್ವೆಟರ್: ಎದೆಗಿಂತ ಭುಜ ಮುಖ್ಯ

ಎಲ್ಲರೂ ಎದೆ ಅಳೆಯುತ್ತಾರೆ. ಸ್ವೆಟರ್ ತೂಗುಬಿದ್ದಿರುವುದು ಭುಜದಿಂದ. ಭುಜದ ಅಗಲ ತಪ್ಪಿದರೆ ತೋಳಿನ ಹೊಲಿಗೆ ಮೊಣಕೈ ಕಡೆಗೆ ಜಾರುತ್ತದೆ, ನೋಡಿದವರು ಅಣ್ಣನದೇ ಎಂದು ಕೇಳುತ್ತಾರೆ. ಎದೆ ಹತ್ತು ಇಂಚು ಹೆಚ್ಚಿರುವವರ ಭುಜ ಅದೇ ಪ್ರಮಾಣದಲ್ಲಿ ಅಗಲವಾಗಿರುವುದಿಲ್ಲ. ಒಂದೆರಡು ಇಂಚು ಹೆಚ್ಚಿರುತ್ತದೆ ಅಷ್ಟೆ. ಮೈ ತುಂಬಿಕೊಂಡವರಿಗೆ ಒಂದು ಸೈಜು ದೊಡ್ಡದು ಹೆಣೆದು ಕೊಟ್ಟಾಗ ಎದೆ ಸರಿಯಾಗಿ ಭುಜ ಕೆಡುವುದು ಇದರಿಂದ. ಅಂಥವರಿಗೆ ಭುಜದ ಅಳತೆಯಿಂದ ಸೈಜು ಆರಿಸಿ, ಎದೆಯಲ್ಲಿ ಕುಣಿಕೆ ಸೇರಿಸಬೇಕು.

ಉಳಿದ ಅಳತೆಗಳಿಗೆ ಒಂದು ಒಳದಾರಿಯಿದೆ. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಎಲಿಜಬೆತ್ ಜಿಮ್ಮರ್‌ಮನ್ (1910–1999) ಜನಪ್ರಿಯಗೊಳಿಸಿದ ಶೇಕಡಾ ಲೆಕ್ಕ ಅದು. ಮೈಸುತ್ತಿನ ಕುಣಿಕೆಗಳನ್ನು ನೂರು ಎಂದಿಟ್ಟುಕೊಂಡರೆ ಮುಂಗೈ ಪಟ್ಟಿಗೆ 20, ತೋಳಿನ ಮೇಲ್ಭಾಗಕ್ಕೆ 33ರಿಂದ 35, ಕೊರಳಿಗೆ 40, ಕಂಕುಳಲ್ಲಿ ಬಿಡುವುದು 8. ಇಂಚಿಗೆ ಐದೂವರೆಯಂತೆ 36 ಇಂಚು ಚಿಲ್ಲರೆಗೆ 200 ಕುಣಿಕೆ ಹಾಕಿದರೆ ಮುಂಗೈಗೆ 40, ಮೇಲ್ದೋಳಿಗೆ 68, ಕೊರಳಿಗೆ 80. ಎಲ್ಲ ಮೈಗೂ ಒಗ್ಗುವ ಮಂತ್ರವೇನಲ್ಲ ಇದು, ದಪ್ಪ ತೋಳಿನವರು ಅಳೆದೇ ಬದಲಿಸಿಕೊಳ್ಳಬೇಕು. ಆದರೆ ನಮೂನೆಯೇ ಇಲ್ಲದೆ ಹೊರಡಲು ಸಾಕು.

ತೋಳು 40ರಿಂದ 68ಕ್ಕೆ ಏರುವ ಬಗೆಯನ್ನೂ ನೋಡಿಬಿಡೋಣ. 28 ಕುಣಿಕೆ ಏರಬೇಕು, ಒಂದು ಸಲಕ್ಕೆ ಎರಡರಂತೆ 14 ಸಲ. ಕೈಪಟ್ಟಿಯಿಂದ ಕಂಕುಳಿಗೆ 14 ಇಂಚು, ಇಂಚಿಗೆ 7 ಸಾಲಿನಂತೆ 98 ಸಾಲು. 98 ಭಾಗಿಸು 14, ಅಂದರೆ ಏಳು ಸಾಲಿಗೊಮ್ಮೆ. ಕುಣಿಕೆಯ ಎಣಿಕೆ ಸರಿಯಿದ್ದು ಸಾಲಿನ ಎಣಿಕೆ ತಪ್ಪಿದರೆ ತೋಳು ಬೇಗ ಅಗಲವಾಗಿ ಬಾವಲಿ ರೆಕ್ಕೆಯಂತಾಗುತ್ತದೆ, ಇಲ್ಲವೇ ಮೊಣಕೈ ಹತ್ತಿರ ಹಿಡಿಯುತ್ತದೆ. ಅಳತೆಯ ತುಂಡಿನಲ್ಲಿ ಸಾಲನ್ನೂ ಎಣಿಸಿ ಎಂದದ್ದು ಅದಕ್ಕೇ.

ಮನೆಯಲ್ಲಿ ಹೆಣೆದ ಸ್ವೆಟರುಗಳ ಇನ್ನೊಂದು ಹಳೇ ರೋಗ, ಮುಂದುಗಡೆ ಗಂಟಲು ಒತ್ತುವುದು. ಹಿಂದು-ಮುಂದು ಎರಡನ್ನೂ ಒಂದೇ ಎತ್ತರಕ್ಕೆ ಹೆಣೆದರೆ ಹೀಗಾಗುತ್ತದೆ. ನಮ್ಮ ಕೊರಳು ಮುಂದಕ್ಕೆ ಬಾಗಿದೆ. ಹಿಂಗೊರಳು ಮುಂಗೊರಳಿಗಿಂತ ಎರಡು ಮೂರು ಇಂಚು ಮೇಲಿರಬೇಕು. ಹಿಂಭಾಗದಲ್ಲಿ ಮಾತ್ರ ಕೆಲವು ಅರ್ಧ ಸಾಲು ಸೇರಿಸಿಯೋ ಮುಂಭಾಗದಲ್ಲಿ ಕೊರಳನ್ನು ಆಳವಾಗಿ ಬಿಟ್ಟೋ ಈ ವ್ಯತ್ಯಾಸ ತರುತ್ತಾರೆ.

ಎಳೆಗೂಸಿನ ಸ್ವೆಟರಿನಲ್ಲಂತೂ ಕೊರಳೇ ಎಲ್ಲ. ಹುಟ್ಟಿದಾಗ ಮಗುವಿನ ತಲೆಯ ಸುತ್ತಳತೆ ಸುಮಾರು 35 ಸೆಂಟಿಮೀಟರ್, ಎದೆ ಅದಕ್ಕಿಂತ ಚೂರು ಕಡಿಮೆ. ಮೈಗಿಂತ ತಲೆಯೇ ದೊಡ್ಡದು! ಮೈಯಳತೆ ನೋಡಿ ಹೆಣೆದ ಅಂಗಿಯ ಕೊರಳಲ್ಲಿ ತಲೆ ತೂರದೆ ಮಗು ಕಿರುಚುವುದು ಬಾಣಂತಿಯ ಕೋಣೆಯಲ್ಲಿ ಹೊಸ ದೃಶ್ಯವಲ್ಲ. ಜಬಲಾ ಒಂದು ಕಡೆ ಪೂರ್ತಿ ತೆರೆದು ಲಾಡಿ ಕಟ್ಟುವಂತಿರುವುದರಲ್ಲಿ ಈ ತಿಳಿವಳಿಕೆ ಇದೆ. ಮುಂದೆ ತೆರೆದ ಸ್ವೆಟರ್ ಇಲ್ಲವೇ ಭುಜದ ಮೇಲೆ ಎರಡು ಗುಂಡಿ, ಎರಡರಲ್ಲಿ ಒಂದು ಬೇಕೇ ಬೇಕು.

ನೀರಿಗೆ ಬಿದ್ದ ಮೇಲೆ

ಕಡ್ಡಿಯಿಂದ ಇಳಿದ ಅಳತೆ ಕೊನೆಯ ಅಳತೆಯಲ್ಲ. ನೂಲು ಯಾವುದು ಎಂಬುದರ ಮೇಲೆ ಮೊದಲ ಒಗೆತದಲ್ಲಿ ಬಟ್ಟೆ ತನ್ನ ಗುಣ ತೋರಿಸುತ್ತದೆ. ಉಣ್ಣೆಯ ಎಳೆಯ ಮೇಲೆ ಮೀನಿನ ಹುರುಪೆಯಂಥ ಪದರಗಳಿವೆ. ಬಿಸಿನೀರಿನಲ್ಲಿ ಉಜ್ಜಿದರೆ ಅವು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ದಪ್ಪವಾಗಿ ಗಿಡ್ಡವಾಗುತ್ತದೆ, ಮತ್ತೆ ಬಿಡಿಸಲಾಗುವುದಿಲ್ಲ. ಈ ಪದರಗಳನ್ನು ಸವರಿ ಮಷೀನಿಗೆ ಹಾಕಬಹುದಾದಂತೆ ಮಾಡಿದ ಉಣ್ಣೆಯೂ ಸಿಗುತ್ತದೆ. ಅದರ ತೊಂದರೆ ತದ್ವಿರುದ್ಧ: ನೆನೆದಾಗ ಉದ್ದಕ್ಕೆ ಬೆಳೆಯುತ್ತದೆ. ಹತ್ತಿ ನೂಲು ಭಾರ, ಹಿಂದಕ್ಕೆ ಬರುವ ಗುಣ ಕಡಿಮೆ. ಹ್ಯಾಂಗರಿಗೆ ಹಾಕಿಟ್ಟ ಹತ್ತಿ ಸ್ವೆಟರ್ ತನ್ನ ಭಾರಕ್ಕೆ ತಾನೇ ಉದ್ದವಾಗುತ್ತಾ ಹೋಗುತ್ತದೆ. ಲೂಧಿಯಾನಾದಿಂದ ಬಂದು ನಮ್ಮ ಅಂಗಡಿಗಳಲ್ಲಿ ಉಲ್ಲನ್ ಎಂಬ ಹೆಸರಿನಲ್ಲಿ ಮಾರಾಟವಾಗುವ ಎಷ್ಟೋ ನೂಲು ಅಕ್ರಿಲಿಕ್. ಅದು ಒಗೆತಕ್ಕೆ ಹೆಚ್ಚು ಬದಲಾಗುವುದಿಲ್ಲ, ಆದರೆ ಇಸ್ತ್ರಿ ತಾಗಿದರೆ ಪುಟಿಯುವ ಗುಣ ಸತ್ತು ಜೋಲುತ್ತದೆ. ರಿಬ್ಬಿನ ಮೇಲೆ ಇಸ್ತ್ರಿ ಇಟ್ಟರೆ ಅದರ ಹಿಡಿತ ಅಲ್ಲಿಗೆ ಮುಗಿಯಿತು.

ಯಾವುದೇ ನೂಲಾದರೂ ಹಿಂಡಿ ತಂತಿಗೆ ನೇತುಹಾಕುವುದು ಬೇಡ. ಟವೆಲಿನಲ್ಲಿ ಸುರುಳಿ ಸುತ್ತಿ ಒತ್ತಿ ನೀರು ತೆಗೆದು, ಚಾಪೆಯ ಮೇಲೆ ಹಾಸಿ, ಬೇಕಾದ ಅಳತೆಗೆ ಕೈಯಲ್ಲೇ ತೀಡಿ ಒಣಗಿಸಬೇಕು.

ತಪ್ಪಿದ್ದನ್ನು ತಿದ್ದುವುದು

ಹೆಣಿಗೆಯ ಒಂದು ಕರುಣೆ ಏನೆಂದರೆ ಬಿಚ್ಚಿದರೆ ದಾರ ಹಾಗೇ ಕೈಗೆ ಬರುತ್ತದೆ. ಕತ್ತರಿ ಆಡಿಸಿದ ದರ್ಜಿಗೆ ಆ ಭಾಗ್ಯವಿಲ್ಲ. ಕಾಲುಚೀಲ ಉದ್ದವಾದರೆ ಬೆರಳ ತುದಿಯನ್ನಷ್ಟೇ ಬಿಚ್ಚಿ ಒಂಬತ್ತು ಹತ್ತು ಸುತ್ತು ಇಳಿಸಿ ಮತ್ತೆ ಮುಚ್ಚಬಹುದು. ಕೊರಳಿನಿಂದ ಕೆಳಕ್ಕೆ ಹೆಣೆದ ಸ್ವೆಟರಾದರೆ ಕೈಪಟ್ಟಿ, ಬಾರ್ಡರ್ ಬಿಚ್ಚಿ ಉದ್ದ ಗಿಡ್ಡ ಮಾಡಬಹುದು. ಬೆಳೆಯುವ ಮಕ್ಕಳಿಗೆ ಈ ದಿಕ್ಕಿನ ಹೆಣಿಗೆಯೇ ಲಾಭ. ಅಗಲ ತಪ್ಪಿದ್ದಕ್ಕೆ ಮಾತ್ರ ಇಂಥ ಸುಲಭದ ಮದ್ದಿಲ್ಲ, ಪೂರ್ತಿ ಬಿಚ್ಚಬೇಕು.

ಎರಡನೇ ಸ್ವೆಟರಿಗೆ ನಾನು ಹುಡುಗನ ಎದೆ ಅಳೆಸಲಿಲ್ಲ. ಅವನಿಗೆ ಸರಿಯಾಗಿ ಕೂರುವ, ಅವನೇ ಇಷ್ಟಪಟ್ಟು ಹಾಕಿಕೊಳ್ಳುವ ಸ್ವೆಟರೊಂದನ್ನು ನೆಲದ ಮೇಲೆ ಹಾಸಿ ಅಳೆದು ಕಳಿಸು ಎಂದೆ. ಕಂಕುಳಿಂದ ಕಂಕುಳಿಗೆ 15 ಇಂಚು, ಅಂದರೆ ಸುತ್ತ 30. ಮೈಯಳತೆಗೆ ನಾನು ಸೇರಿಸಿದ್ದ ಎರಡಿಂಚಿನ ಬದಲು ಅವನಿಗೆ ಬೇಕಿದ್ದದ್ದು ನಾಲ್ಕು. ಈ ಸಲ 4 ಮಿಲಿಮೀಟರ್ ಎಂದು ಕೊರೆದದ್ದನ್ನು ಓದಿಕೊಂಡೇ ಕಡ್ಡಿ ತಂದು, ತುಂಡು ಹೆಣೆದು, ಒಗೆದು, ಎಣಿಸಿ 165 ಕುಣಿಕೆಯ ಬದಲು ರಿಬ್ಬಿಗೆ ಹೊಂದಲೆಂದು 164 ಹಾಕಿದೆ. ತೋಳನ್ನು ಎರಡಿಂಚು ಉದ್ದ ಬಿಟ್ಟು ಒಳಕ್ಕೆ ಮಡಚಿದೆ. ಹೋದ ತಿಂಗಳು ಆ ಮಡಿಕೆಯನ್ನು ಬಿಚ್ಚಿದರಂತೆ.